ಹರಿಹರೇಶ್ವರನ ಸುತ್ತ ಮುನ್ನೂರು ಮೀಟರ್: ಎತ್ತರದ ಕಟ್ಟಡಕ್ಕೆ ಮೊದಲು ಊರನ್ನು ಕೇಳುವ ಬಗೆ

ಹರಿಹರದ ಹರಿಹರೇಶ್ವರ ದೇವಾಲಯದ ಮಂಟಪಕ್ಕೆ ಎತ್ತರದ ಗೋಡೆಯಿಲ್ಲ. ಅಂಚಿನುದ್ದಕ್ಕೂ ಒರಗಿ ಕೂರಲು ಕಟ್ಟಿದ ಕಲ್ಲಿನ ಕಕ್ಷಾಸನ, ಅದರ ಮೇಲೆ ಗಿಡ್ಡ ಕಂಬಗಳು, ಒಳಗೆ ತಿರುಗಣಿಯಲ್ಲಿ ಕಡೆದಂತೆ ನುಣುಪಾದ ದೊಡ್ಡ ಕಂಬಗಳು. ಕಕ್ಷಾಸನದಲ್ಲಿ ಕೂತವರಿಗೆ ಕಂಬದ ಸಂದಿಯಿಂದ ಬೆಳಕು, ಗಾಳಿ, ಒಂದು ತುಂಡು ಆಕಾಶ ಸಿಗುತ್ತವೆ. ಆ ಆಕಾಶವನ್ನೂ ಲೆಕ್ಕಕ್ಕೆ ಹಿಡಿದೇ ಶಿಲ್ಪಿ ಮಂಟಪ ಕಟ್ಟಿದ್ದಾನೆ. ಅದಕ್ಕೆ ಅಡ್ಡವಾಗಿ ನಾಳೆ ಹತ್ತು ಅಂತಸ್ತಿನ ಕಟ್ಟಡ ಬರುವುದಾದರೆ ಯಾರ ಅಭಿಪ್ರಾಯ ಕೇಳಬೇಕು, ಯಾವ ಹಂತದಲ್ಲಿ ಕೇಳಬೇಕು, ಕೇಳದಿದ್ದರೆ ಊರಿನವರು ಎಲ್ಲಿಗೆ ಹೋಗಬೇಕು? ದಾವಣಗೆರೆ ಮತ್ತು ಹರಿಹರವನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಗಳನ್ನು ನೋಡುವ ಲೇಖನ ಇದು.

ಎರಡು ಊರು, ಎರಡು ಬಗೆಯ ಹಳಮೆ

ಹರಿಹರ ತುಂಗಭದ್ರೆಯ ದಡದ ಊರು. ಸೂಳೆಕೆರೆಯಿಂದ ಹೊರಟ ಹರಿದ್ರಾ ನದಿ ಇಲ್ಲಿ ತುಂಗಭದ್ರೆಯನ್ನು ಸೇರುವುದರಿಂದ ಊರಿಗೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1223ರ ಸುಮಾರಿಗೆ ದೇವಾಲಯ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದನ್ನು ಇನ್ನಷ್ಟು ಬೆಳೆಸಿದ. ಸೋಮನಾಥಪುರವನ್ನು ಕಟ್ಟಿಸಿದವನೂ ಇವನೇ. ಅರ್ಧ ಶಿವ, ಅರ್ಧ ವಿಷ್ಣುವಾದ ದೇವರು ಗರ್ಭಗುಡಿಯಲ್ಲಿದ್ದಾನೆ, ಆವರಣದಲ್ಲಿ ಶಾಸನಗಳ ಸಾಲೇ ಇದೆ. ಊರಾಚೆ ನದಿಗೆ ಅಡ್ಡಲಾಗಿ 1868ರಲ್ಲಿ ಮುಗಿದ ಕಮಾನುಗಳ ಹಳೆಯ ಸೇತುವೆ ಇದೆ. ಮೈಸೂರು ಸೀಮೆಯಿಂದ ಧಾರವಾಡದ ಕಡೆಗೆ ಹೋಗುವ ಹೆದ್ದಾರಿ ಆಗ ಇದರ ಮೇಲೆಯೇ ಹಾದುಹೋಗುತ್ತಿತ್ತು.

ಹದಿನಾಲ್ಕು ಕಿಲೋಮೀಟರ್ ಆಚೆಗಿರುವ ದಾವಣಗೆರೆಯದು ವ್ಯಾಪಾರದ ಹಳಮೆ. ಹೈದರಾಲಿ ಈ ಊರನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ ಮೇಲೆ ವ್ಯಾಪಾರಿಗಳು ಬಂದು ನೆಲೆಯೂರಿದರು, ಪೇಟೆ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದು ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಮಂಡಿಪೇಟೆ, ಚೌಕಿಪೇಟೆ, ಹಗೇದಿಬ್ಬ ಎಂಬ ಹೆಸರುಗಳಲ್ಲೇ ಊರಿನ ಚರಿತ್ರೆ ಅಡಗಿದೆ. ಹಗೇವು ಅಂದರೆ ನೆಲದಡಿ ಜೋಳ ತುಂಬಿಡುತ್ತಿದ್ದ ಕಣಜ. ಆ ಹೆಸರಿನ ವೃತ್ತದಲ್ಲಿ ಇಂದು ಆಟೋದವರು ನಿಲ್ಲುತ್ತಾರೆ, ಹಗೇವು ಕಂಡವರು ಊರಿನಲ್ಲಿ ಕಡಿಮೆಯಾಗಿದ್ದಾರೆ.

ಎರಡೂ ಊರುಗಳಿಗೆ ಯೋಜನಾ ಪ್ರಾಧಿಕಾರ ಒಂದೇ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಜನರ ಬಾಯಲ್ಲಿ ಅದು ದೂಡಾ. ದಾವಣಗೆರೆಗೆ ಮಹಾನಗರ ಪಾಲಿಕೆ, ಹರಿಹರಕ್ಕೆ ನಗರಸಭೆ. ಕಾನೂನಿನ ಮಟ್ಟಿಗೆ ಮಾತ್ರ ಎರಡು ಊರುಗಳ ಹಳಮೆಗೆ ಸಿಗುವ ರಕ್ಷಣೆ ಒಂದೇ ಅಲ್ಲ. ಹರಿಹರೇಶ್ವರ ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕ. ಮರದ ಕಂಬ, ಪಡಸಾಲೆ, ಮಹಡಿಯ ಮೇಲೆ ದಾಸ್ತಾನು ಕೋಣೆ ಇರುವ ಮಂಡಿಪೇಟೆಯ ಹಳೆಯ ಅಂಗಡಿಮನೆಗೆ ಅಂಥ ಕವಚ ಇಲ್ಲ. ಒಂಟಿ ಸ್ಮಾರಕವನ್ನು ಕಾಯಲು ನಮ್ಮಲ್ಲಿ ಕಾನೂನು ಗಟ್ಟಿಯಾಗಿದೆ. ಒಂದಿಡೀ ಬೀದಿಯನ್ನು ಕಾಯಲು ಅದು ತೀರ ಸಡಿಲ.

ಎಷ್ಟು ಎತ್ತರವಾದರೆ ಬಹುಮಹಡಿ

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಯಾವುದೇ ಕಟ್ಟಡ ಬಹುಮಹಡಿ ಕಟ್ಟಡ. ನೆಲಮಹಡಿ ಮತ್ತು ಮೇಲೆ ನಾಲ್ಕು ಅಂತಸ್ತು ಎಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಮುಂಬೈಯವರಿಗೆ ಇದು ಎತ್ತರವೇ ಅಲ್ಲ ಅನಿಸಬಹುದು. ಹರಿಹರದ ತೇರುಬೀದಿಯಂಥ ಕಡೆ ನಿಂತವರಿಗೆ ಅದು ಇಡೀ ಸೂರ್ಯೋದಯವನ್ನೇ ಮುಚ್ಚುವ ಎತ್ತರ. ಹಳೆಯ ಊರಿನಲ್ಲಿ ಎತ್ತರವನ್ನು ಮೀಟರಿನಿಂದ ಅಳೆದರೆ ಸಾಲದು, ಪಕ್ಕದಲ್ಲಿ ಏನಿದೆ ಎಂಬುದನ್ನೂ ನೋಡಬೇಕು.

ನೂರು ಮೀಟರ್, ಅದರಾಚೆ ಇನ್ನೂರು

ಪುರಾತತ್ವ ಇಲಾಖೆಯ ನೀಲಿ ಫಲಕ ಹಾಕಿದ ಪ್ರತಿ ಸ್ಮಾರಕದ ಸುತ್ತ ಕಣ್ಣಿಗೆ ಕಾಣದ ಎರಡು ಗೆರೆಗಳಿವೆ. 1992ರ ಜೂನ್ 16ರ ಅಧಿಸೂಚನೆ ಇವನ್ನು ಮೊದಲು ಎಳೆಯಿತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇವನ್ನು ಕಾಯ್ದೆಯೊಳಕ್ಕೇ ಸೇರಿಸಿತು. ರಕ್ಷಿತ ಪ್ರದೇಶದ ಗಡಿಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. 1992ರ ಆ ದಿನಕ್ಕಿಂತ ಮೊದಲು ಇದ್ದ ಮನೆಗಳ ದುರಸ್ತಿಗೆ ಮಾತ್ರ, ಅದೂ ಅನುಮತಿ ಪಡೆದು, ಅವಕಾಶ ಉಂಟು. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬಹುದು, ಆದರೆ ಮೊದಲು ಒಪ್ಪಿಗೆ ಬೇಕು.

ಇಲ್ಲಿ ಹಲವರು ತಪ್ಪುವ ಒಂದು ಸಂಗತಿ ಇದೆ. ಅಳತೆ ಶುರುವಾಗುವುದು ಗರ್ಭಗುಡಿಯಿಂದಲ್ಲ, ರಕ್ಷಿತ ಪ್ರದೇಶದ ಗಡಿಯಿಂದ. ಗಡಿ ಎಲ್ಲಿದೆ ಎಂದು ನಕ್ಷೆ ನೋಡದೆ ಹೆಜ್ಜೆ ಹಾಕಿ ಅಳೆದು, ನಿವೇಶನ ಕೊಂಡು, ಕೈ ಸುಟ್ಟುಕೊಂಡವರು ರಾಜ್ಯದ ಹಳೆಯ ಊರುಗಳಲ್ಲೆಲ್ಲ ಸಿಗುತ್ತಾರೆ.

ಒಪ್ಪಿಗೆಯ ದಾರಿ ಹೀಗೆ ಸಾಗುತ್ತದೆ. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂಥ ಅರ್ಜಿಗಳಿಗೆಂದೇ ಕಾಯ್ದೆಯಡಿ ನೇಮಿಸಿದ ಅಧಿಕಾರಿಗೆ, ಹೋಗಬೇಕು. ಅವರು 15 ದಿನದೊಳಗೆ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಕಟ್ಟಡದಿಂದ ಸ್ಮಾರಕದ ಮೇಲಾಗುವ ಪರಿಣಾಮವನ್ನು ಸ್ಮಾರಕ ಪ್ರಾಧಿಕಾರ ಎರಡು ತಿಂಗಳೊಳಗೆ ತಿಳಿಸಬೇಕು. ಅದು ಬಂದ ಒಂದು ತಿಂಗಳೊಳಗೆ ಸಕ್ಷಮ ಪ್ರಾಧಿಕಾರ ಅನುಮತಿ ಕೊಡಬೇಕು ಅಥವಾ ನಿರಾಕರಿಸಬೇಕು. ನಿರಾಕ್ಷೇಪಣಾ ಪತ್ರದಲ್ಲಿ ಬರೆಯುವ ಎತ್ತರಕ್ಕೆ ಸಾಮಾನ್ಯವಾಗಿ ಪ್ಯಾರಾಪೆಟ್, ಮೆಟ್ಟಿಲ ಕೋಣೆ, ಮೇಲಿನ ನೀರಿನ ಟ್ಯಾಂಕ್ ಎಲ್ಲವೂ ಸೇರಿರುತ್ತವೆ. ಪ್ಲಾನಿನಲ್ಲಿ ತಾರಸಿಯವರೆಗಷ್ಟೇ ಲೆಕ್ಕ ತೋರಿಸಿ, ಆಮೇಲೆ ಟ್ಯಾಂಕು ಎತ್ತಿ ನಿಲ್ಲಿಸಿದರೆ ಅದು ಉಲ್ಲಂಘನೆ. ಅನುಮತಿಯಿಲ್ಲದೆ ಕಟ್ಟಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ ಕಣ್ಣಿಗೆ ಮುನ್ನೂರು ಮೀಟರಿನ ಗಡಿ ಇಲ್ಲ. ಒಂದು ಸಣ್ಣ ಲೆಕ್ಕ ಮಾಡಿ. ನೀವು ನಿಂತ ಜಾಗದಿಂದ 310 ಮೀಟರ್ ದೂರದಲ್ಲಿ 30 ಮೀಟರ್ ಎತ್ತರದ, ಅಂದರೆ ಸುಮಾರು ಹತ್ತು ಅಂತಸ್ತಿನ ಕಟ್ಟಡ ಇದೆ ಎಂದುಕೊಳ್ಳಿ. ನಿಮ್ಮ ಕಣ್ಣಿಗೆ ಅದು 62 ಮೀಟರ್ ದೂರದಲ್ಲಿರುವ ಆರು ಮೀಟರ್ ಎತ್ತರದ ಎರಡಂತಸ್ತಿನ ಮನೆಯಷ್ಟೇ ಎತ್ತರ ಕಾಣುತ್ತದೆ. ಎರಡೂ ಗೆರೆಗಳ ಹೊರಗೆ, ಕಾನೂನಿನ ಪ್ರಕಾರ ಯಾವ ತಪ್ಪೂ ಇಲ್ಲದೆ ನಿಂತ ಕಟ್ಟಡವೂ ಮಂಟಪದ ಸೂರಿನ ಹಿಂದೆ ಎದ್ದು ಕೂರಬಲ್ಲದು. ಹೀಗಾಗಿ ಸ್ಮಾರಕದ ಕಾಯ್ದೆಯೊಂದನ್ನೇ ನೆಚ್ಚಿ ಕೂರುವುದು ಸಾಲದು. ಆ ಗೆರೆಯಾಚೆಗಿನ ಎತ್ತರ ತೀರ್ಮಾನವಾಗುವುದು ದೂಡಾದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್), ಅದರ ವಲಯ ನಿಯಮಗಳಲ್ಲಿ.

ಸಂಬಂಧಪಟ್ಟವರು ಯಾರು

ಸರ್ಕಾರಿ ಕಡತಗಳಲ್ಲಿ ಭಾಗೀದಾರರು, ಪಾಲುದಾರರು ಎಂಬ ಪದಗಳಿವೆ. ಸಂಬಂಧಪಟ್ಟವರು ಎಂಬ ಹಳೆಯ ಮಾತೇ ನನಗೆ ಹಿಡಿಸುತ್ತದೆ, ಏಕೆಂದರೆ ಸಂಬಂಧ ಇದೆಯೋ ಇಲ್ಲವೋ ಎಂಬುದೇ ಇಲ್ಲಿ ಎಲ್ಲಕ್ಕಿಂತ ಮೊದಲ ಪ್ರಶ್ನೆ.

ಕೇಳಿ ಮಾಡುವ ಪದ್ಧತಿ ನಮಗೆ ಹೊಸದಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಭೂಮಿ ದಾನ ಕೊಡುವಾಗ ಮಹಾಜನರು, ಗವುಂಡುಗಳು, ನಖರದವರ (ವರ್ತಕರ) ಸಮಕ್ಷಮ ಎಂದು ಬರೆಯುವುದು ರೂಢಿ. ಚಕ್ಕುಬಂದಿ ಹೇಳಿ, ಯಾರ ಎದುರಿಗೆ ಎಂದು ಹೇಳಿ, ಆಮೇಲೆ ದಾನದ ಮಾತು. ಆದರೆ ಆ ಪಟ್ಟಿಯಲ್ಲಿ ಆ ಹೊಲದಲ್ಲಿ ದುಡಿಯುತ್ತಿದ್ದವರ ಹೆಸರು ಸಿಗುವುದು ಅಪರೂಪ. ಇಂದಿನ ಸಭೆಗಳಿಗೂ ಅದೇ ಕೊರತೆ ಅಂಟಿಕೊಂಡಿದೆ. ಬಿಲ್ಡರ್, ವಾಸ್ತುಶಿಲ್ಪಿ, ವರ್ತಕರ ಸಂಘ, ಕಾರ್ಪೊರೇಟರ್ ಇವರಿಗೆ ಕರೆ ಹೋಗುತ್ತದೆ. ದೇವಸ್ಥಾನದ ಬಾಗಿಲಲ್ಲಿ ಹೂವು, ಕಾಯಿ ಮಾರುವ ಹೆಂಗಸಿಗೆ ಹೋಗುವುದಿಲ್ಲ. ಜಾತ್ರೆಯ ಜನ, ತಿರುಗುವ ತೇರು, ಬಸ್ಸು ನಿಲ್ಲುವ ಜಾಗ, ಎಲ್ಲದರ ಮೇಲೂ ಅವಳ ಅನ್ನ ನಿಂತಿದೆ.

ಇನ್ನೂ ಇಬ್ಬರನ್ನು ಕೇಳಲೇಬೇಕು. ಒಬ್ಬರು ನೂರು ಮೀಟರಿನೊಳಗೆ ಮನೆ ಇರುವವರು. ಊರಿನ ಪರಂಪರೆಗೆ ಅತಿ ಹೆಚ್ಚು ಬೆಲೆ ತೆತ್ತವರು ಇವರೇ. ಮಗನಿಗೆ ಮದುವೆಯಾಯಿತು, ಮೇಲೆ ಒಂದು ಕೋಣೆ ಬೇಕು, ಕಟ್ಟುವಂತಿಲ್ಲ. ಮಣ್ಣಿನ ಗೋಡೆ ಮಳೆಗೆ ಕುಸಿಯಿತು, ದುರಸ್ತಿಗೂ ಅರ್ಜಿ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಬಹುಮಹಡಿ ಏಳುವಾಗ, ಕಾನೂನು ನಮಗಷ್ಟೇ ಯಾಕೆ ಎಂದು ಅವರು ಕೇಳಿದರೆ ಆ ಪ್ರಶ್ನೆಗೆ ನ್ಯಾಯವಾದ ಉತ್ತರ ಕೊಡಬೇಕಾದ ಹೊಣೆ ನಮ್ಮ ಮೇಲಿದೆ. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳ ನಿಯಮ ತಂದಿತು. ಕಟ್ಟಲಾಗದ ಎತ್ತರದ ಹಕ್ಕನ್ನು ಬೇರೆ ಕಡೆ ಬಳಸಲು ಅಥವಾ ಮಾರಲು ಮಾಲೀಕರಿಗೆ ಅವಕಾಶ ಕೊಡುವ ದಾರಿಯೂ ಅದರಲ್ಲಿತ್ತು. ಹಳೆಯ ಮನೆಯವರ ಹೆಗಲ ಮೇಲಿನ ಭಾರವನ್ನು ಇಡೀ ಊರು ಹಂಚಿಕೊಳ್ಳುವ ಇಂಥ ಏರ್ಪಾಟಿಲ್ಲದೆ ಪರಂಪರೆಯ ಮಾತಾಡುವುದು ಸರಿಯಲ್ಲ.

ಮತ್ತೊಬ್ಬರು ಹೊಸ ಕಟ್ಟಡದ ಪಕ್ಕದ ಮನೆಯವರು. ಅವರ ಕೇಳಿಕೆ ತೀರ ಸಾದಾ: ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಅಗ್ನಿಶಾಮಕ ವಾಹನ ಈ ಗಲ್ಲಿಯಲ್ಲಿ ತಿರುಗುತ್ತದೆಯೇ, ಒಳಚರಂಡಿ ತಾಳುತ್ತದೆಯೇ, ತಳಪಾಯ ಅಗೆಯುವಾಗ ನಮ್ಮ ಗೋಡೆ ಬಿರುಕು ಬಿಟ್ಟರೆ ಯಾರು ಹೊಣೆ, ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುತ್ತದೆಯೇ. ದಾವಣಗೆರೆಯಲ್ಲಿ ಕುಂದುವಾಡ ಕೆರೆಯ ನೀರಿನ ಮಟ್ಟ ನೋಡಿಕೊಂಡೇ ಬೇಸಿಗೆ ಕಳೆದವರಿಗೆ ಕೊನೆಯ ಪ್ರಶ್ನೆಯ ತೂಕ ಗೊತ್ತು.

ಕೇಳುವ ಬಾಗಿಲುಗಳು ಎಲ್ಲಿವೆ

ಎತ್ತರದ ಕಟ್ಟಡ ಬಂದಾಗ ಸಾರ್ವಜನಿಕ ಅಹವಾಲು ಸಭೆ ನಡೆದೇ ನಡೆಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ನಿಜವಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ಆದರೆ ಅದೇ ಅಧಿಸೂಚನೆ ಕಟ್ಟಡ, ಬಡಾವಣೆ, ಟೌನ್‌ಶಿಪ್ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿತು. ಗಣಿಗೆ, ಕಾರ್ಖಾನೆಗೆ ಶಾಮಿಯಾನ ಹಾಕಿ, ಮೈಕು ಇಟ್ಟು ಜನರ ಮಾತು ಕೇಳುತ್ತಾರೆ. ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟಿಗೆ ಕೇಳುವುದಿಲ್ಲ. ಇದು ದೊಡ್ಡ ಲೋಪ. ಅನುಮತಿ ಕೊಟ್ಟ ಮೇಲೆ ಬಾಧಿತರು 30 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ನಮಗೆ ಅದರ ದಕ್ಷಿಣ ಪೀಠ ಇರುವುದು ಚೆನ್ನೈಯಲ್ಲಿ.

ಹಾಗಾದರೆ ಊರಿನವರ ಮಾತಿಗೆ ಕಾನೂನಿನಲ್ಲಿ ಜಾಗ ಎಲ್ಲಿದೆ? ಮುಖ್ಯವಾಗಿ ಎರಡು ಕಡೆ ಇದೆ, ಎರಡೂ ಕಟ್ಟಡದ ಪ್ಲಾನ್ ಹುಟ್ಟುವುದಕ್ಕೆ ಬಹಳ ಮೊದಲೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳು.

ಮೊದಲನೆಯದು ಮಹಾಯೋಜನೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ತಾತ್ಕಾಲಿಕ ಅನುಮೋದನೆ ಪಡೆದ ಮಹಾಯೋಜನೆಯನ್ನು ಪ್ರಕಟಿಸಿ, ನಕ್ಷೆಗಳನ್ನು ಜನರ ನೋಟಕ್ಕಿಟ್ಟು, 60 ದಿನ ಅಭಿಪ್ರಾಯ ಆಹ್ವಾನಿಸಬೇಕು. ಯಾವ ರಸ್ತೆ ವಾಣಿಜ್ಯ, ಯಾವುದು ವಸತಿ, ಎಷ್ಟು ಅಗಲದ ರಸ್ತೆಗೆ ಎಷ್ಟು ಎಫ್‌ಎಆರ್ (ನಿವೇಶನದ ಅಳತೆಗೆ ತಕ್ಕಂತೆ ಕಟ್ಟಬಹುದಾದ ಒಟ್ಟು ವಿಸ್ತೀರ್ಣ), ಎಷ್ಟು ಎತ್ತರ, ಎಷ್ಟು ಸೆಟ್‌ಬ್ಯಾಕ್ ಎಂಬುದೆಲ್ಲ ನಿಶ್ಚಯವಾಗುವುದು ಆಗಲೇ. ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ನಕ್ಷೆ ಕಚೇರಿಯ ಗೋಡೆಯ ಮೇಲೆ ತೂಗುತ್ತದೆ. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ ಎಂಬುದು ಗೊತ್ತಿಲ್ಲದವರಿಗೆ ಅದು ಬಣ್ಣದ ಹಾಳೆ ಅಷ್ಟೇ. ಅರವತ್ತು ದಿನ ಕಳೆದ ಮೇಲೆ, ನಮ್ಮ ಬೀದಿ ನೀಲಿಯಾದದ್ದು ಯಾವಾಗ ಎಂದು ಕೇಳುವವರು ಬಹಳ. ಇಡೀ ಯೋಜನೆ ಬದಲಾಗದೆ ಒಂದು ಜಾಗದ ಭೂಬಳಕೆ ಮಾತ್ರ ಬದಲಾಗುವಾಗಲೂ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕೆಂಬ ನಿಯಮ ಇದೆ.

ಎರಡನೆಯದು ಸ್ಮಾರಕದ ಪಾರಂಪರಿಕ ಬೈಲಾ. 2010ರ ತಿದ್ದುಪಡಿ ಪ್ರತಿ ರಕ್ಷಿತ ಸ್ಮಾರಕಕ್ಕೂ ಅದರದೇ ಬೈಲಾ ಇರಬೇಕೆಂದು ಹೇಳುತ್ತದೆ. ಸುತ್ತಲಿನ ಕಟ್ಟಡಗಳ ಎತ್ತರ, ಮುಂಭಾಗ, ಚಾವಣಿಯ ಬಗೆ, ಬಣ್ಣ, ನೋಟದ ದಾರಿ ಎಲ್ಲವನ್ನೂ ಅದರಲ್ಲಿ ಬರೆಯಬಹುದು. ಕರಡನ್ನು ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳಿಗಾಗಿ ಪ್ರಕಟಿಸಬೇಕು. ಹೂವಿನವರು, ಅರ್ಚಕರು, ಮನೆಯವರು, ಶಾಸನ ಬಲ್ಲ ಮೇಷ್ಟ್ರು ಎಲ್ಲರೂ ಒಂದು ಹಾಳೆಯ ಮೇಲೆ ಮಾತಾಡಬಹುದಾದ ಜಾಗ ಇದ್ದರೆ ಇದೇ. ಕರಡು ದೆಹಲಿಯ ಜಾಲತಾಣದಲ್ಲಿ ಮಾತ್ರ ಇದ್ದರೆ ಹರಿಹರದ ಓಣಿಗೆ ಅದು ತಲುಪುವುದಿಲ್ಲ. ಕನ್ನಡದಲ್ಲಿ ಅಚ್ಚು ಹಾಕಿ ನಗರಸಭೆಯ ಬಾಗಿಲಿಗೆ, ದೇವಸ್ಥಾನದ ಬಾಗಿಲಿಗೆ ಅಂಟಿಸಬೇಕು, ಸಂಜೆ ಆರರ ಮೇಲೆ ಸಭೆ ಕರೆಯಬೇಕು. ಕೂಲಿಗೆ ಹೋದವರು ಮನೆಗೆ ಬರುವುದು ಆಗಲೇ.

ವಾರ್ಡ್ ಸಮಿತಿಯ ಮಾತೂ ಇದೆ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ ದಾವಣಗೆರೆ ಆ ಲೆಕ್ಕಕ್ಕೆ ಬರುತ್ತದೆ, ಲಕ್ಷವೂ ಇರದಿದ್ದ ಹರಿಹರ ಬರುವುದಿಲ್ಲ. ಎಂಟುನೂರು ವರ್ಷದ ಗುಡಿ ಇರುವುದು ಮಾತ್ರ ಹರಿಹರದಲ್ಲಿ.

ಹಂಪಿ ಕಲಿಸಿದ್ದು

ನದಿಯ ಕೆಳಹರಿವಿನಲ್ಲೇ ನಮಗೊಂದು ಉದಾಹರಣೆ ಇದೆ. ತುಂಗಭದ್ರೆಗೆ ಆನೆಗೊಂದಿಯ ಬಳಿ ಕಟ್ಟುತ್ತಿದ್ದ ತೂಗುಸೇತುವೆ ಹಂಪಿಯ ನೋಟಕ್ಕೆ ಧಕ್ಕೆ ಎಂಬ ಕಾರಣವೂ ಸೇರಿ 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಹಾಕಿತು. ನದಿಯಾಚೆಯ ಹಳ್ಳಿಯವರಿಗೆ ಆ ಸೇತುವೆ ಆಸ್ಪತ್ರೆಯ ದಾರಿ, ಸಂತೆಯ ದಾರಿ. ತೆಪ್ಪದಲ್ಲಿ ಮಳೆಗಾಲ ಕಳೆದವರಿಗೆ ನೋಟದ ಮಾತು ಸುಲಭವಾಗಿ ಒಪ್ಪಿಗೆಯಾಗದು. ಎರಡೂ ಕಡೆಯವರನ್ನು ಮೊದಲ ಕಂಬ ಏಳುವ ಮುನ್ನ ಒಂದೇ ಚಾಪೆಯ ಮೇಲೆ ಕೂರಿಸಿ, ಸೇತುವೆ ಎಲ್ಲಿ ಬಂದರೆ ಇಬ್ಬರಿಗೂ ಆದೀತು ಎಂದು ಕೇಳಬೇಕಿತ್ತು. 2002ರಲ್ಲಿ ಹಂಪಿಗೆಂದೇ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂತು, 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುವ ಹಂತದಲ್ಲೇ ಕುಸಿದು ಕಾರ್ಮಿಕರು ಸತ್ತರು. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ತೆರವು ಮಾಡಲಾಯಿತು. ಕಲ್ಲಿನ ಹಿತಕ್ಕೆ ಮಾಡಿದ ಕೆಲಸವೂ ಜನರನ್ನು ಕೇಳದೆ ಮಾಡಿದರೆ ಗಾಯವಾಗಿಯೇ ಉಳಿಯುತ್ತದೆ.

ಕಲೋನ್ ಮತ್ತು ಸೇಂಟ್ ಪೀಟರ್ಸ್‌ಬರ್ಗ್

ಜರ್ಮನಿಯ ಕಲೋನ್ ನಗರದಲ್ಲಿ ರೈನ್ ನದಿಯ ಒಂದು ದಡದಲ್ಲಿ ಪುರಾತನ ಕೆಥೆಡ್ರಲ್ ಇದೆ. ಎದುರು ದಡದಲ್ಲಿ ಗಗನಚುಂಬಿಗಳ ಗುಂಪೊಂದನ್ನು ಕಟ್ಟುವ ಯೋಜನೆ ಬಂದಾಗ 2004ರಲ್ಲಿ ಆ ಕೆಥೆಡ್ರಲ್ ಯುನೆಸ್ಕೋದ ಅದೇ ಅಪಾಯದ ಪಟ್ಟಿಗೆ ಹೋಯಿತು. ನಗರ ಎತ್ತರಕ್ಕೆ ಮಿತಿ ಹಾಕಿದ ಮೇಲೆ 2006ರಲ್ಲಿ ಹೊರಬಂತು. ಅಷ್ಟರಲ್ಲಿ ನೂರು ಮೀಟರಿಗೂ ಎತ್ತರದ ಒಂದು ಗೋಪುರ ಎದ್ದಾಗಿತ್ತು, ಅದು ಇಂದಿಗೂ ಇದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗಾಜ್‌ಪ್ರಾಮ್ ಕಂಪನಿ ಹಳೆಯ ನಗರದ ಹತ್ತಿರ ಸುಮಾರು 400 ಮೀಟರ್ ಎತ್ತರದ ಗೋಪುರ ಕಟ್ಟಲು ಹೊರಟಿತು. ಆ ಜಾಗಕ್ಕೆ ನಿಯಮದಲ್ಲಿದ್ದ ಮಿತಿ 100 ಮೀಟರ್. ಜನ ವರ್ಷಗಟ್ಟಲೆ ಬೀದಿಗಿಳಿದು ವಿರೋಧಿಸಿದರು. 2010ರ ಕೊನೆಯಲ್ಲಿ ಯೋಜನೆ ಅಲ್ಲಿಂದ ಎದ್ದು ಊರಾಚೆಯ ಲಾಖ್ತಾಕ್ಕೆ ಹೋಯಿತು. ಗೋಪುರವೂ ಉಳಿಯಿತು, ಹಳೆಯ ನಗರದ ಬಾನಂಚೂ ಉಳಿಯಿತು. ಬೇಡ ಎನ್ನುವುದಕ್ಕಿಂತ ಇಲ್ಲಿ ಬೇಡ, ಅಲ್ಲಿ ಆಗಬಹುದು ಎನ್ನುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ದಾವಣಗೆರೆಯ ಹೊರವಲಯದಲ್ಲಿ, ಹೆದ್ದಾರಿ 48ರ ಬದಿಯಲ್ಲಿ ಎತ್ತರಕ್ಕೆ ಬೇಕಾದಷ್ಟು ಆಕಾಶ ಇದೆ.

ತಕರಾರು ಅರ್ಜಿ ಬರೆಯುವಾಗ

ನಾವು ವಿರೋಧಿಸುತ್ತೇವೆ ಎಂಬ ಒಂದು ಸಾಲಿನ ಅರ್ಜಿಗೆ ಬೆಲೆ ಕಡಿಮೆ. ಜಾಗದ ಸರ್ವೆ ನಂಬರ್ ಅಥವಾ ಡೋರ್ ನಂಬರ್, ಪ್ರಕಟಣೆಯ ದಿನಾಂಕ, ನಿಮ್ಮ ಮನೆ ಅಲ್ಲಿಂದ ಎಷ್ಟು ದೂರ ಎಂಬುದನ್ನು ಮೊದಲು ಬರೆಯಿರಿ. ಆಮೇಲೆ ಒಂದೊಂದೇ ಕಾರಣ: ನೆರಳು, ರಸ್ತೆಯ ಅಗಲ, ನೀರು, ಬೆಂಕಿಯ ಭಯ, ಗುಡಿಯ ನೋಟ. ಮಂಟಪದಲ್ಲಿ ನಿಂತು ಆ ದಿಕ್ಕಿಗೆ ತೆಗೆದ ಒಂದು ಫೋಟೋ ಹತ್ತು ಪುಟದ ಬರವಣಿಗೆಗೆ ಸಮ. ಕೊನೆಗೆ ಏನು ಬೇಕು ಎಂದು ಸ್ಪಷ್ಟವಾಗಿ ಹೇಳಿ, ಎತ್ತರ ಎಷ್ಟಕ್ಕೆ ಇಳಿಯಬೇಕು, ಯಾವ ದಿಕ್ಕಿಗೆ ಸರಿಯಬೇಕು ಎಂದು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿ ಸ್ವೀಕೃತಿ ಪಡೆಯಿರಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ ಕಡತದ ಪ್ರತಿ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು.

ದೂಡಾದ ಮುಂದಿನ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನ ದಯವಿಟ್ಟು ಅದನ್ನು ಕತ್ತರಿಸಿ ಇಟ್ಟುಕೊಳ್ಳಿ, ಓದು ಬಾರದ ಪಕ್ಕದ ಮನೆಯವರಿಗೆ ಓದಿ ಹೇಳಿ, ಅರವತ್ತನೆಯ ದಿನಕ್ಕೆ ಕಾಯದೆ ಮೊದಲ ವಾರದಲ್ಲೇ ನಕ್ಷೆಯ ಮುಂದೆ ಹೋಗಿ ನಿಲ್ಲಿ.